ಕಡಲಿಲ್ಲದೂರಿನ ಅರ್ಜಿ

ಕೊಳ್ಳೇಗಾಲದವನು ಅಂದ ಕೂಡಲೇ ಹೊರಗಿನವರು ಕೇಳುವ ಮೊದಲ ಪ್ರಶ್ನೆ ಮಾಟದ್ದು. ಎರಡನೆಯದು ರೇಷ್ಮೆ ಸೀರೆಯದ್ದು. ನನಗೆ ಮಾತ್ರ ಮೂರನೆಯ ಪ್ರಶ್ನೆಯೊಂದು ಹದಿನೈದು ವರ್ಷಗಳಿಂದ ಬೆನ್ನು ಹತ್ತಿದೆ. "ನಿಮ್ಮೂರಲ್ಲಿ ಕಡಲೇ ಇಲ್ಲವಲ್ಲ ಮಾರಾಯ್ರೆ, ನಿಮಗ್ಯಾಕೆ ಕರಾವಳಿ ಎಂಜಿನಿಯರಿಂಗು?"

ಸುರತ್ಕಲ್ಲಿಗೆ ಎಂ.ಟೆಕ್ ಓದಲು ಹೋದಾಗ ಹಾಸ್ಟೆಲಿನಲ್ಲಿ ಮೊದಲ ಪ್ರಶ್ನೆಯನ್ನೂ ಮೂರನೆಯದನ್ನೂ ಸೇರಿಸಿ ಕೇಳುತ್ತಿದ್ದರು. ಮಾಟ ಮಾಡಿ ಅಲೆ ನಿಲ್ಲಿಸು ನೋಡೋಣ ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ನಗದೆ ಇನ್ನೇನು ಮಾಡುವುದು? ಪ್ರಶ್ನೆಗೆ ನನ್ನ ಬಳಿಯೂ ಉತ್ತರವಿರಲಿಲ್ಲ. ಗೇಟ್ ಪರೀಕ್ಷೆಯಲ್ಲಿ ಬಂದ ಅಂಕಕ್ಕೆ ಸಿಕ್ಕ ಸೀಟು ಅದು. ಸ್ಟ್ರಕ್ಚರ್ಸ್ ಸಿಕ್ಕಿದ್ದರೆ ಸ್ಟ್ರಕ್ಚರ್ಸ್ ಓದುತ್ತಿದ್ದೆ.

ಆ ಪ್ರಶ್ನೆ ಮತ್ತೆ ತಲೆ ಎತ್ತಿದ್ದು ಕಳೆದ ತಿಂಗಳು. ಗೆಳೆಯನೊಬ್ಬ ವಾಟ್ಸಾಪಿನಲ್ಲಿ ಜಾಹೀರಾತೊಂದನ್ನು ಕಳಿಸಿದ. ಹನ್ನೆರಡು ಪುಟದ ಪಿಡಿಎಫ್. ಕಂಪ್ಯೂಟರ್ ವಿಭಾಗಕ್ಕೆ ಇಷ್ಟು, ಎಲೆಕ್ಟ್ರಾನಿಕ್ಸಿಗೆ ಇಷ್ಟು ಎಂದು ಸಾಲುಸಾಲು ಹುದ್ದೆಗಳು. ಏಳನೆಯ ಪುಟದ ಕೆಳಗೆ, ಕೋಷ್ಟಕದ ಕೊನೆಯ ಸಾಲಿನಲ್ಲಿ, ಕರಾವಳಿ ಮತ್ತು ಸಾಗರ ಎಂಜಿನಿಯರಿಂಗ್, ಸಹಾಯಕ ಪ್ರಾಧ್ಯಾಪಕ, ಒಂದು ಹುದ್ದೆ. ಕೊನೆಯ ದಿನಾಂಕಕ್ಕೆ ಇಪ್ಪತ್ತೊಂದು ದಿನ. ಆನ್‌ಲೈನಿನಲ್ಲಿ ತುಂಬಿದ ಮೇಲೆ ಪ್ರಿಂಟು ತೆಗೆದು, ಸಹಿ ಹಾಕಿ, ಸರ್ಟಿಫಿಕೇಟುಗಳ ನಕಲು ಸೇರಿಸಿ, ಸ್ಪೀಡ್ ಪೋಸ್ಟಿನಲ್ಲೂ ಕಳಿಸಬೇಕು.

ಈ ಶಾಸ್ತ್ರದಲ್ಲಿ ಒಂದು ಹುದ್ದೆ ಎಂದರೆ ಏನು ಅನ್ನುವುದನ್ನು ಸ್ವಲ್ಪ ಹೇಳಬೇಕು. ಸಿವಿಲ್ ಎಂಜಿನಿಯರಿಂಗ್ ಇಲ್ಲದ ಊರಿಲ್ಲ. ಆದರೆ ಕಡಲಿನ ಎಂಜಿನಿಯರಿಂಗ್ ಅನ್ನು ಒಂದು ವಿಭಾಗವಾಗಿ ಕಲಿಸುವ ಜಾಗಗಳು ದೇಶದಲ್ಲಿ ಬೆರಳೆಣಿಕೆಯಷ್ಟು. ಮದ್ರಾಸಿನ ಐಐಟಿ, ಖರಗ್‌ಪುರದ ಐಐಟಿ, ನಮ್ಮಲ್ಲಿ ಸುರತ್ಕಲ್. ಮಿಕ್ಕ ಕಡೆ ಅದೊಂದು ಎಲೆಕ್ಟಿವ್. ನಾನು ಈಗ ಪಾಠ ಮಾಡುವ ಖಾಸಗಿ ಕಾಲೇಜಿನಲ್ಲೂ ಅದು ಎಲೆಕ್ಟಿವ್ ಪಟ್ಟಿಯಲ್ಲಿದೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅದನ್ನು ತೆಗೆದುಕೊಳ್ಳುವ ಹುಡುಗರ ಸಂಖ್ಯೆ ಇಪ್ಪತ್ತು ದಾಟಲಿಲ್ಲ. ಆದ್ದರಿಂದ ತರಗತಿ ನಡೆಯಲಿಲ್ಲ. ಅಲೆಗಳ ಮೇಲೆ ಪಿಎಚ್.ಡಿ ಮಾಡಿದವನು ಸರ್ವೇಯಿಂಗ್ ಮತ್ತು ಕಟ್ಟಡ ಸಾಮಗ್ರಿ ಕಲಿಸುತ್ತಾ ಬಂದಿದ್ದೇನೆ. ಸಂಬಳ ಬರುತ್ತದೆ, ದೂರಬಾರದು. ಆದರೆ ವಯಸ್ಸು ನಲವತ್ತೊಂದು. ಇನ್ನೊಂದು ಸಲ ಇಂಥ ಸಾಲು ಕಾಣುವ ಹೊತ್ತಿಗೆ ನಲವತ್ತಾರೋ ಐವತ್ತೋ ಆಗಿರುತ್ತದೆ.

ಹಿಂದೊಮ್ಮೆ ಇಂಥದೇ ಹುದ್ದೆಯ ಸಂದರ್ಶನಕ್ಕೆ ಹೋಗಿದ್ದೆ. ಸಂಸ್ಥೆಯ ಹೆಸರು ಬೇಡ. ಮೇಜಿನಾಚೆ ಏಳು ಜನ. ಒಬ್ಬರು ಅರ್ಜಿಯ ಮೊದಲ ಪುಟ ನೋಡಿ ಇಂಗ್ಲಿಷಿನಲ್ಲಿ ಕೇಳಿದರು, "ಕೊಳ್ಳೇಗಾಲದಿಂದ ಕಡಲು ಎಷ್ಟು ದೂರ?" ಉಳಿದವರು ನಕ್ಕರು. ಕೆಟ್ಟ ನಗುವಲ್ಲ, ಬೆಳಗಿನಿಂದ ಕೂತು ಸುಸ್ತಾದವರ ನಗು. ನಾನು "ಸುಮಾರು ಮುನ್ನೂರು ಕಿಲೋಮೀಟರ್ ಸರ್" ಅಂದೆ. ಮುಂದೆ ಎರಡು ಪ್ರಶ್ನೆ ಕೇಳಿ ಕಳಿಸಿದರು. ಅವತ್ತು ನನಗೆ ಕೆಲಸ ಸಿಗದ್ದಕ್ಕೆ ಆ ಉತ್ತರವೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಹೊಳೆಯಿತು, ನಾನು "ಯಾವ ಕಡಲು ಸರ್?" ಎಂದು ಕೇಳಬೇಕಿತ್ತು.

ರಸ್ತೆಯ ಲೆಕ್ಕದಲ್ಲಿ ನಮ್ಮ ಕಡಲು ಮಂಗಳೂರು. ಮೈಸೂರಿಗೆ ಬಂದು, ಮಡಿಕೇರಿ ಹಾದು, ಸಂಪಾಜೆ ಘಾಟಿ ಇಳಿದರೆ ಅರಬ್ಬಿ ಸಮುದ್ರ. ನೀರಿನ ಲೆಕ್ಕ ಬೇರೆ. ನಮ್ಮೂರ ಪಕ್ಕ ಹರಿಯುವ ಕಾವೇರಿ ಶಿವನಸಮುದ್ರದಲ್ಲಿ ಧುಮುಕಿ, ಹನೂರು ತಾಲ್ಲೂಕಿನ ಕಾಡಿನ ಅಂಚು ಹಿಡಿದು, ಹೊಗೆನಕಲ್ ದಾಟಿ, ಮೆಟ್ಟೂರಿನಲ್ಲಿ ನಿಂತು, ಆಮೇಲೆ ತಂಜಾವೂರಿನ ಬಯಲಲ್ಲಿ ಕವಲೊಡೆದು ಪೂಂಪುಹಾರಿನಲ್ಲಿ ಬಂಗಾಳಕೊಲ್ಲಿ ಸೇರುತ್ತದೆ. ನದಿಯ ಒಟ್ಟು ಉದ್ದ 800 ಕಿ.ಮೀ. ಅದರಲ್ಲಿ ಕರ್ನಾಟಕದೊಳಗೆ 320, ಎರಡೂ ರಾಜ್ಯಗಳ ಗಡಿಯಾಗಿ 64, ತಮಿಳುನಾಡಿನಲ್ಲಿ 416. ಯಳಂದೂರಿನ ಸುವರ್ಣಾವತಿ ಕೂಡ ನಮ್ಮ ತಾಲ್ಲೂಕಿನಲ್ಲೇ ಕಾವೇರಿಗೆ ಬಂದು ಸೇರುವುದರಿಂದ ಬಿಳಿಗಿರಿರಂಗನ ಬೆಟ್ಟದ ಮಳೆಯೂ ಪೂಂಪುಹಾರಿನ ಕಡೆಗೇ. ಒಟ್ಟಿನಲ್ಲಿ ಕೊಳ್ಳೇಗಾಲ, ಹನೂರು, ಯಳಂದೂರಿನ ಒಂದು ಹನಿ ನೀರೂ ಮಂಗಳೂರಿಗೆ ಹೋಗುವುದಿಲ್ಲ. ಹೋಗುವುದು ನನ್ನಂಥವರು ಮಾತ್ರ.

ಇನ್ನೊಂದು ತಮಾಷೆಯಿದೆ. ನಮ್ಮ ಮನೆಯ ಟ್ರಂಕಿನಲ್ಲಿ ತಾತನ ಕಾಲದ ಜಮೀನಿನ ಕಾಗದವೊಂದಿದೆ, ಕೊಯಮತ್ತೂರು ಜಿಲ್ಲೆ ಎಂದು ಬರೆದದ್ದು. 1956ರ ನವೆಂಬರ್ ಒಂದರವರೆಗೆ ಕೊಳ್ಳೇಗಾಲ ಮದರಾಸಿನದಾಗಿತ್ತು. ಅತ್ತ ದಕ್ಷಿಣ ಕನ್ನಡವೂ ಮದರಾಸಿನದೇ. ಎರಡೂ ಒಂದೇ ದಿನ ಮೈಸೂರು ರಾಜ್ಯಕ್ಕೆ ಬಂದವು. ಅಂದರೆ ನಾವೂ ಸುರತ್ಕಲ್ಲಿನವರೂ ಒಂದೇ ಹಳೇ ಮನೆಯಿಂದ ಹೊರಟು ಒಂದೇ ದಿನ ಹೊಸ ಮನೆಗೆ ಗೃಹಪ್ರವೇಶ ಮಾಡಿದವರು. ಇದನ್ನು ಹಾಸ್ಟೆಲಿನಲ್ಲಿ ಹೇಳಿದ್ದರೆ ಮಾಟದ ಜೋಕುಗಳು ಸ್ವಲ್ಪ ಕಡಿಮೆಯಾಗುತ್ತಿದ್ದವೋ ಏನೋ. ಆಗ ನನಗೆ ಗೊತ್ತಿರಲಿಲ್ಲ.

ಸುರತ್ಕಲ್ಲಿನ ಆ ಕಾಲೇಜು 1960ರಲ್ಲಿ ಕೆಆರ್‌ಇಸಿ ಎಂದು ಶುರುವಾದದ್ದು, 2002ರಿಂದ ಎನ್‌ಐಟಿಕೆ. ಹೆದ್ದಾರಿಯ ಒಂದು ಬದಿಗೆ ತರಗತಿಗಳು, ಇನ್ನೊಂದು ಬದಿಗೆ ಹೋದರೆ ಬೀಚು, ದೀಪಸ್ತಂಭ. ನಾವು ಅಲೆಗಳನ್ನು ಕಲಿತದ್ದು ಮಾತ್ರ ಬೀಚಿನಲ್ಲಲ್ಲ, ಪ್ರಯೋಗಾಲಯದೊಳಗಿನ ಒಂದು ತೊಟ್ಟಿಯಲ್ಲಿ. 50 ಮೀಟರ್ ಉದ್ದ, ಅಗಲ ಮುಕ್ಕಾಲು ಮೀಟರಿಗಿಂತ ಕಡಿಮೆ. ಒಂದು ತುದಿಯಲ್ಲಿ ಬುಡಕ್ಕೆ ಕೀಲು ಹಾಕಿದ ಹಲಗೆ. ಮೋಟಾರು ಅದನ್ನು ಹಿಂದೆ ಮುಂದೆ ಆಡಿಸಿದರೆ ಅಲೆ ಏಳುತ್ತದೆ. ಇನ್ನೊಂದು ತುದಿಯಲ್ಲಿ ನಾವು ಕಲ್ಲು ಪೇರಿಸಿ ಪುಟ್ಟ ಅಲೆತಡೆ ಕಟ್ಟುವುದು. ಒಂದೊಂದು ಕಲ್ಲನ್ನೂ ತೂಗಿ, ಬಣ್ಣ ಬಳಿದು ಇಡಬೇಕು. ಗಂಟೆಗಟ್ಟಲೆ ಅಲೆ ಬಿಟ್ಟ ಮೇಲೆ ಯಾವ ಬಣ್ಣದ ಕಲ್ಲು ಎಷ್ಟು ಜಾರಿತು ಎಂದು ಎಣಿಸಬೇಕು. ಹೊರಗೆ ಅರ್ಧ ಕಿಲೋಮೀಟರಿನಲ್ಲಿ ನಿಜವಾದ ಕಡಲು ಭೋರ್ಗರೆಯುತ್ತಿರುವಾಗ ಒಳಗೆ ಕೂತು ಮೊಣಕಾಲೆತ್ತರಕ್ಕೂ ಬಾರದ ಅಲೆಗಳನ್ನು ಅಳೆಯುವುದು ಹುಚ್ಚು ಅನ್ನಿಸುತ್ತಿತ್ತು. ಆಮೇಲೆ ಅದರ ಗುಟ್ಟು ತಿಳಿಯಿತು. ಅಲೆಯ ಎತ್ತರ ಎರಡು ಪಟ್ಟಾದರೆ ಅದನ್ನು ತಡೆದು ನಿಲ್ಲುವ ಕಲ್ಲಿನ ತೂಕ ಎರಡು ಪಟ್ಟಾದರೆ ಸಾಲದು, ಎಂಟು ಪಟ್ಟಾಗಬೇಕು. ಒಂದು ಟನ್ನಿನ ಬಂಡೆ ಸಾಕು ಅಂದುಕೊಂಡ ಕಡೆ ಎಂಟು ಟನ್ನಿನದು ಬೇಕು. ಲೆಕ್ಕ ತಪ್ಪಿದ ಬಂಡೆಗಳು ಒಂದೆರಡು ಮಳೆಗಾಲದಲ್ಲಿ ಉದುರಿ ನೀರಿಗಿಳಿಯುತ್ತವೆ. ತಡೆಗೋಡೆ ಕಟ್ಟುವುದು, ಅದು ಕುಸಿಯುವುದು, ಮತ್ತೆ ಟೆಂಡರು ಕರೆಯುವುದು, ಇದನ್ನು ನಮ್ಮ ಕರಾವಳಿಯವರು ಬೇಕಾದಷ್ಟು ನೋಡಿದ್ದಾರೆ.

ಅಂದಹಾಗೆ, ದೇಶದ ಬಂದರುಗಳ ಮಾದರಿಗಳನ್ನು ಕಟ್ಟಿ ಪರೀಕ್ಷಿಸುವ ಕೇಂದ್ರ ಸರ್ಕಾರದ ದೊಡ್ಡ ಸಂಶೋಧನಾಲಯ ಇರುವುದು ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ. 1916ರಲ್ಲಿ ಶುರುವಾದದ್ದು. ಅಲ್ಲಿಯೂ ಕಡಲಿಲ್ಲ, ಇರುವುದು ಒಂದು ಅಣೆಕಟ್ಟು. ಆ ಏಳು ಜನರಿಗೆ ಇದನ್ನಾದರೂ ಹೇಳಬಹುದಿತ್ತು. ಸಂದರ್ಶನದ ಉತ್ತರಗಳೆಲ್ಲ ಬಸ್ಸಿನಲ್ಲೇ ಹೊಳೆಯುವುದು.

ಪಿಎಚ್.ಡಿ ಪದವಿ ಪ್ರದಾನಕ್ಕೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಅಪ್ಪ ಆಗಲೇ ತೀರಿಕೊಂಡಿದ್ದರು. ಅವ್ವ ಅಲ್ಲಿಯವರೆಗೆ ಕಂಡಿದ್ದ ದೊಡ್ಡ ನೀರು ಎಂದರೆ ಭರಚುಕ್ಕಿ, ಮತ್ತೆ ಮಾದಪ್ಪನ ಬೆಟ್ಟದಿಂದ ಪಾಲಾರಿನ ಕಡೆ ಇಳಿದಾಗ ಒಮ್ಮೆ ಕಂಡ ಮೆಟ್ಟೂರು ಹಿನ್ನೀರು. ಸಮಾರಂಭ ಮುಗಿಸಿ ಸಂಜೆ ಬೀಚಿಗೆ ಕರೆದೊಯ್ದೆ. ಸೀರೆಯ ಅಂಚು ಎತ್ತಿ ಹಿಡಿದು ಪಾದ ಮುಳುಗುವಷ್ಟು ನಿಂತಳು. ಒಂದು ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡು ಮುಖ ಸಿಂಡರಿಸಿದಳು. ತುಂಬ ಹೊತ್ತು ನೋಡಿ ಕೇಳಿದಳು.

"ಈ ನೀರು ಎಲ್ಲಿಗ ಹೋದದ್ಲ ಮಗ?"

"ಎಲ್ಲಿಗೂ ಹೋಗಲ್ಲ ಅವ್ವ. ಇಲ್ಲೇ ಇರ್ತದೆ."

"ಹಂಗಾರ ಕೆರೆ ಅನ್ನು."

ನಾನು ನಕ್ಕೆ. ಬಂದವರಿಗೆಲ್ಲ ಈ ಕಥೆ ಹೇಳಿ ನಗಿಸಿದೆ. ನದಿ ದಡದವರಿಗೆ ನೀರು ಎಂದರೆ ಬರುವಂಥದ್ದು, ಹೋಗುವಂಥದ್ದು. ಬಂದಾಗ ಏನು ತರುತ್ತದೆ, ಹೋಗುವಾಗ ಏನು ಒಯ್ಯುತ್ತದೆ ಅನ್ನುವುದೇ ಅವರ ಪ್ರಶ್ನೆ. ಅದು ನನ್ನ ಶಾಸ್ತ್ರದ್ದೂ ಪ್ರಶ್ನೆ ಎಂದು ತಿಳಿಯಲು ನನಗೆ ಇನ್ನಷ್ಟು ವರ್ಷ ಬೇಕಾಯಿತು.

2018ರ ಆಗಸ್ಟಿನಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ, ಕೆಆರ್‌ಎಸ್ಸಿನಿಂದಲೂ ಕಬಿನಿಯಿಂದಲೂ ಒಟ್ಟಿಗೆ ನೀರು ಬಿಟ್ಟರು. ಎರಡೂ ತಿರುಮಕೂಡಲಿನಲ್ಲಿ ಸೇರಿ ನಮ್ಮ ಕಡೆ ಬಂದವು. ದಾಸನಪುರ, ಮುಳ್ಳೂರು, ಹಳೇ ಹಂಪಾಪುರ, ಹಳೇ ಅಣಗಳ್ಳಿ, ಹರಳೆ ಕಡೆಯವರಿಗೆ ಆ ದಿನಗಳನ್ನು ನೆನಪಿಸಬೇಕಾಗಿಲ್ಲ. ನಮ್ಮದೂ ಆ ಸಾಲಿನ ಊರೇ. ಅವ್ವ ಎಮ್ಮೆ ಹೊಡೆದುಕೊಂಡು, ರೇಷನ್ ಕಾರ್ಡು ಮತ್ತು ತಾತನ ಟ್ರಂಕು ಹಿಡಿದುಕೊಂಡು ಗಂಜಿ ಕೇಂದ್ರಕ್ಕೆ ಹೋದಳು. ನಾನು ಮೈಸೂರಿನಿಂದ ಬರುವ ಹೊತ್ತಿಗೆ ಶಾಲೆಯ ಜಗಲಿಯ ಮೇಲೆ ಕೂತು ಬೇರೆಯವರ ಮಗುವಿಗೆ ಅನ್ನ ಕಲೆಸುತ್ತಿದ್ದಳು.

ನೀರಿಳಿದ ಮೇಲೆ ಗದ್ದೆ ನೋಡಲು ಹೋದೆವು. ಪೈರು ಕಾಣಲಿಲ್ಲ. ನದಿಯ ಕಡೆಯ ಎರಡು ಪಾತಿಗಳ ಮೇಲೆ ಮಂಡಿಯವರೆಗೆ ಮರಳು. ಬಿಸಿಲಿಗೆ ಕಾಗೆಬಂಗಾರದ ಚೂರುಗಳು ಮಿನುಗುತ್ತಿದ್ದವು. ಅವ್ವ ಒಂದು ಮಾತೂ ಆಡದೆ ಮಂಕರಿ ತಂದಳು. ಆರು ಭಾನುವಾರ ನಾವಿಬ್ಬರೂ, ಕೂಲಿಗೆ ಸಿಕ್ಕಷ್ಟು ಆಳುಗಳೂ ಸೇರಿ ಮರಳು ಎತ್ತಿದೆವು. ಮೂರನೆಯ ಭಾನುವಾರ ನಾನು ಒಂದು ಹಿಡಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಹೋಗಿ ಕಾಲೇಜಿನ ಜರಡಿಗಳಲ್ಲಿ ಆಡಿಸಿದೆ. ಹೆಚ್ಚಿನ ಕಾಳುಗಳು ಮೂರನೇ ಒಂದು ಮಿಲಿಮೀಟರಿನ ಆಸುಪಾಸು. ಬೀಚಿನಲ್ಲಿ ಕಾಲಿಗೆ ಹತ್ತುವ ಮರಳಿನದೇ ಗಾತ್ರ.

ಅಲ್ಲಿಂದಲೇ ನನಗೆ ಆ ಮೂರನೆಯ ಪ್ರಶ್ನೆಯ ಉತ್ತರ ಶುರುವಾದದ್ದು. ಇಂಥ ಒಂದು ಕಾಳು ನಿಂತ ನೀರಿನಲ್ಲಿ ಸೆಕೆಂಡಿಗೆ ಸುಮಾರು ನಾಲ್ಕು ಸೆಂಟಿಮೀಟರಿನಂತೆ ಕೆಳಗಿಳಿಯುತ್ತದೆ. ಹರಿಯುವ ನದಿ ಅದನ್ನು ಉರುಳಿಸುತ್ತ, ಎತ್ತುತ್ತ, ಇಳಿಸುತ್ತ ಮುಂದೆ ಒಯ್ಯುತ್ತದೆ. ನೀರು ನಿಂತಲ್ಲಿ ಅದೂ ನಿಲ್ಲುತ್ತದೆ. ನಮ್ಮ ಗದ್ದೆಯಲ್ಲಿ ಕೂರದೆ ಮುಂದೆ ಹೋದ ಕಾಳು ಭರಚುಕ್ಕಿ ಇಳಿದು, ಹೊಗೆನಕಲ್ ಇಳಿದು, ಪಾಲಾರು ಬಂದು ಸೇರುವ ಹಿನ್ನೀರಿನ ಬಾಯಿಗೆ ಬಂದು ತಳ ಸೇರುತ್ತದೆ. ಮೆಟ್ಟೂರು ಅಣೆಕಟ್ಟು ಮುಗಿದದ್ದು 1934ರಲ್ಲಿ. ಅಂದಿನಿಂದ ನೀರಿಗೆ ಗೇಟು ಇದೆ, ಟಿಎಂಸಿ ಇದೆ, ಟ್ರಿಬ್ಯೂನಲ್ ಇದೆ, ಸುಪ್ರೀಂ ಕೋರ್ಟ್ ಇದೆ. ಯಾವ ತಿಂಗಳಿಗೆ ಎಷ್ಟು ನೀರು ಬಿಳಿಗುಂಡ್ಲು ದಾಟಬೇಕು ಎಂದು ಎರಡೂ ರಾಜ್ಯಗಳ ಮಕ್ಕಳಿಗೂ ಗೊತ್ತು. ಮರಳಿನ ಪರವಾಗಿ ಯಾವ ವಕೀಲನೂ ನಿಂತಿಲ್ಲ. ಆದರೆ ಅತ್ತ ಡೆಲ್ಟಾದ ತೀರ ನಿಂತಿರುವುದೇ ನದಿ ತಂದು ಹಾಕುವ ಮರಳು ಮಣ್ಣಿನ ಮೇಲೆ. ಅಲೆ ದಿನವೂ ಒಂದಿಷ್ಟು ಒಯ್ಯುತ್ತದೆ, ನದಿ ಒಂದಿಷ್ಟು ತಂದು ಕೊಡುತ್ತದೆ. ನದಿ ಕೊಡುವುದು ನಿಂತರೆ ಕಡಲು ತನ್ನ ಪಾಲನ್ನು ದಡದಿಂದಲೇ ಕೀಳುತ್ತದೆ.

ಪಶ್ಚಿಮ ಕರಾವಳಿಯ ಕಥೆ ಸ್ವಲ್ಪ ಬೇರೆ, ಮೂಲ ಅದೇ. ನೇತ್ರಾವತಿಯ ಅಳಿವೆಯಲ್ಲಿ ದೋಣಿಗಳ ದಾರಿಗೆ ಎರಡೂ ಬದಿಗೆ ಕಲ್ಲಿನ ಅಲೆತಡೆ ಹಾಕಿದ್ದಾರೆ. ಅದರ ತೆಂಕಣದ ಉಳ್ಳಾಲದಲ್ಲಿ ಕಡಲ್ಕೊರೆತ ವರ್ಷ ವರ್ಷದ ಸುದ್ದಿ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ತಂದು ಅಲ್ಲಿ ನೀರೊಳಗೆ ದಿಬ್ಬಗಳನ್ನೂ ಅಲೆತಡೆಗಳನ್ನೂ ಕಟ್ಟಿದರು. ದಡದುದ್ದಕ್ಕೂ ನಡೆದು ಹೋಗುವ ಮರಳಿಗೆ ಅಡ್ಡ ಏನೇ ಕಟ್ಟಿದರೂ ಒಂದು ಕಡೆ ರಾಶಿ ಬೀಳುತ್ತದೆ, ಇನ್ನೊಂದು ಕಡೆ ಹಳ್ಳ ಬೀಳುತ್ತದೆ. ಗದ್ದೆಗೆ ನೀರು ಹಾಯಿಸಿದ ಯಾರಿಗಾದರೂ ಇದು ಅರ್ಥವಾಗುತ್ತದೆ. ಒಬ್ಬನ ಬದು ಇನ್ನೊಬ್ಬನ ಜಗಳ.

ಮತ್ತೆ ಅರ್ಜಿಗೆ ಬರುತ್ತೇನೆ. ಅಂಕಪಟ್ಟಿ, ಅನುಭವ, ಪ್ರಬಂಧಕ್ಕಿಷ್ಟು ಪ್ರಾಜೆಕ್ಟಿಗಿಷ್ಟು ಎಂದು ಕ್ರೆಡಿಟ್ ಪಾಯಿಂಟು ಕೂಡುವ ಕೋಷ್ಟಕ, ಎಲ್ಲ ತುಂಬಲು ನಾಲ್ಕು ರಾತ್ರಿ ಹಿಡಿಯಿತು. ಪಾಯಿಂಟು ಅಂತೂ ಕೂಡಿತು. ಎರಡು ಸಲ ಕೂಡಿದೆ, ಎರಡು ಸಲವೂ ಬೇರೆ ಬೇರೆ ಬಂತು. ಕಡಿಮೆ ಬಂದದ್ದನ್ನೇ ಬರೆದೆ. ಕೊನೆಗೆ ಉಳಿದದ್ದು ಎರಡು ಪುಟದ ಸಂಶೋಧನಾ ಯೋಜನೆ. ಮುಂದಿನ ಐದು ವರ್ಷ ಏನು ಮಾಡುತ್ತೀರಿ ಎಂದು ಬರೆಯಬೇಕು.

ಮೊದಲು ಎಲ್ಲರೂ ಬರೆಯುವಂಥದ್ದನ್ನೇ ಬರೆದೆ. ಮುಳುಗಿದ ಅಲೆತಡೆಗಳು, ಕಂಪ್ಯೂಟರ್ ಮಾದರಿ, ಮಷೀನ್ ಲರ್ನಿಂಗ್. ಈಗ ಮಷೀನ್ ಲರ್ನಿಂಗ್ ಇಲ್ಲದೆ ಸಾರಿಗೆ ಉಪ್ಪೂ ಹಾಕುವುದಿಲ್ಲ. ಓದಿ ನೋಡಿದರೆ ಅದನ್ನು ಯಾರು ಬೇಕಾದರೂ ಬರೆದಿರಬಹುದಿತ್ತು. ಅಳಿಸಿದೆ. ಮರಳಿನದನ್ನು ಬರೆದೆ. ಮೇಲಿನ ಕಣಿವೆಯಿಂದ ಅಳಿವೆಯವರೆಗೆ ಒಂದು ನದಿಯ ಮರಳಿನ ಆಯವ್ಯಯ ಪತ್ರ, ಎಲ್ಲಿ ಹುಟ್ಟಿತು, ಎಲ್ಲಿ ಕೂತಿತು, ಲಾರಿಯಲ್ಲಿ ಎಷ್ಟು ಹೋಯಿತು, ಕಡಲಿಗೆ ಎಷ್ಟು ಮುಟ್ಟಿತು. ಮೊದಲ ಮಾದರಿ ಎತ್ತುವ ಜಾಗ ಎಂದು ನಮ್ಮ ಗದ್ದೆಯ ಅಕ್ಷಾಂಶ ರೇಖಾಂಶ ಹಾಕಿದೆ.

ನನ್ನ ಗುರುಗಳಿಗೆ ಕಳಿಸಿದೆ. ನಿವೃತ್ತರಾಗಿದ್ದಾರೆ, ಈಗಲೂ ಕೆಂಪು ಅಕ್ಷರದಲ್ಲೇ ತಿದ್ದುತ್ತಾರೆ. ರಾತ್ರಿ ಫೋನ್ ಮಾಡಿದರು. "ಚೆನ್ನಾಗುಂಟು. ನೀವು ಪಿಎಚ್.ಡಿಯಲ್ಲೂ ಇಷ್ಟು ಚೆನ್ನಾಗಿ ಬರೀಲಿಲ್ಲ. ಆದ್ರೆ ಒಂದು ಹುದ್ದೆ ಮಾರಾಯ್ರೆ. ಅವರಿಗೆ ಬೇಕಾದ್ದು ಪೋರ್ಟಿನ ಕನ್ಸಲ್ಟೆನ್ಸಿ ತರುವವರು, ಬ್ರೇಕ್‌ವಾಟರಿನವರು. ನಿಮ್ಮದನ್ನು ಓದಿದ್ರೆ ಹೈಡ್ರಾಲಜಿಗೆ ಹಾಕಿ ಅಂತಾರೆ, ಹೈಡ್ರಾಲಜಿಯವರು ನಮ್ಮಲ್ಲಿ ಜಾಗ ಇಲ್ಲ ಅಂತಾರೆ." ಸ್ವಲ್ಪ ಸುಮ್ಮನಿದ್ದು, "ನಿರ್ಧಾರ ನಿಮ್ಮದು" ಅಂದರು. ಅವರು ಹಾಗೆ ಅಂದರೆ ಬೇಡ ಎಂದರ್ಥ ಎಂಬುದು ನನಗೆ ಚೆನ್ನಾಗಿ ಗೊತ್ತು.

ಅವ್ವನಿಗೆ ಹೇಳುವುದೂ ಬಾಕಿಯಿತ್ತು. ಈಗ ವಾರಕ್ಕೊಮ್ಮೆ ಬಂದು ಹೋಗುತ್ತೇನೆ. ಅಷ್ಟು ದೂರ ಹೋದರೆ ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಮಳೆಗಾಲದಲ್ಲಿ ಘಾಟಿ ಕುಸಿದರೆ ಅದೂ ಇಲ್ಲ. ಅವಳನ್ನೇ ಕರೆದೊಯ್ಯಬಹುದು ಅನ್ನುವವರು ನಮ್ಮವ್ವನನ್ನು ಕಂಡಿಲ್ಲ. ಎರಡು ಪ್ರವಾಹ ಎಬ್ಬಿಸಲಾಗದವಳನ್ನು ನನ್ನ ಆರ್ಡರ್ ಕಾಪಿ ಎಬ್ಬಿಸುತ್ತದೆಯೇ? ಭಾನುವಾರ ಊಟಕ್ಕೆ ಕೂತಾಗ ಹೇಳಿದೆ. ಮುದ್ದೆ ಮುರಿಯುತ್ತಾ ಕೇಳಿದಳು.

"ಅದೇ ಆ ಕೆರೆತಾವ್ಕ?"

"ಅಲ್ಲೇ ಅಂತ ಏನಿಲ್ಲ. ಅಂಥ ಕಡೆ."

"ಹೋಗು ಮತ್ತ. ಓದಿರದು ಅದ್ನೇ ತಾನೆ. ಇಷ್ಟು ದಿನ ಇಟ್ಟಿಗ ಪಾಠ ಮಾಡ್ದ್ಯಲ್ಲ."

ಕಟ್ಟಡ ಸಾಮಗ್ರಿ ಪಾಠವನ್ನು ಅವಳು ಇಟ್ಟಿಗೆ ಪಾಠ ಎನ್ನುತ್ತಾಳೆ. ಅಷ್ಟು ಹೇಳಿ ಎದ್ದು ಕೈ ತೊಳೆಯಲು ಹೋದಳು. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಇತ್ತು.

ಕೊನೆಗೆ ನಾನು ಮಾಡಿದ್ದು ಧೈರ್ಯವಂತರು ಮಾಡುವಂಥದ್ದಲ್ಲ. ಮೊದಲ ಪುಟದಲ್ಲಿ ಅಲೆತಡೆ ಹಾಕಿದೆ, ಗುರುಗಳ ಮಾತಿಗೆ. ಎರಡನೆಯ ಪುಟದಲ್ಲಿ ಮರಳು ಹಾಕಿದೆ. ಮಷೀನ್ ಲರ್ನಿಂಗಿಗೆ ಒಂದು ವಾಕ್ಯ ಕೊಟ್ಟೆ. ಗದ್ದೆಯ ಅಕ್ಷಾಂಶ ರೇಖಾಂಶ ತೆಗೆಯಲು ಮನಸ್ಸು ಬರಲಿಲ್ಲ, ಚಿಕ್ಕ ಅಕ್ಷರದಲ್ಲಿ ಬಿಟ್ಟೆ.

ಸೋಮವಾರ ರಜೆ ಹಾಕಿ ಕೊಳ್ಳೇಗಾಲದ ಅಂಚೆ ಕಚೇರಿಗೆ ಹೋದೆ. ಕೌಂಟರಿನಾಕೆ ಲಕೋಟೆ ತೂಗಿ, ಮೇಲೆ ದೊಡ್ಡದಾಗಿ ಬರೆಯಬೇಕೆಂದು ಜಾಹೀರಾತಿನಲ್ಲೇ ಹೇಳಿದ್ದ ಸಾಲನ್ನು ಓದಿದಳು. "ಕೋಸ್ಟಲ್ ಅಂಡ್ ಓಷನ್ನಾ? ಇಲ್ಲಿಂದನಾ?" ಅಂದಳು. ಇಲ್ಲಿಂದಲೇ ಅಂದೆ. ರಸೀದಿ ಕೊಟ್ಟಳು.

ಮನೆಗೆ ಬಂದರೆ ಅವ್ವ ಟಿವಿ ಮುಂದೆ ಕೂತಿದ್ದಳು. ಕೆಆರ್‌ಎಸ್ 120 ಅಡಿ ದಾಟಿದೆ, ತುಂಬಲು ಇನ್ನು ನಾಲ್ಕೈದು ಅಡಿ ಎಂದು ಕೆಳಗೆ ಪಟ್ಟಿ ಓಡುತ್ತಿತ್ತು. ರಸೀದಿ ಈಸಿಕೊಂಡು ತಿರುಗಿಸಿ ನೋಡಿದಳು.

"ಕರದ್ರ ಕಾಗ್ದ ಎಲ್ಲಿಗ ಬತ್ತದ?"

"ಇಲ್ಲಿಗೇ. ಮನೆ ವಿಳಾಸಾನೇ ಕೊಟ್ಟಿದ್ದೀನಿ."

"ಅಯ್ಯೋ ಪೆದ್ದೆ," ಅಂದಳು, ಟಿವಿಯ ಕಡೆ ಕೈ ಮಾಡಿ. "ಹೊಳ ಬಂದ್ರ ಪೋಸ್ಟಿನೋನು ಬಂದನಾ? ಮೈಸೂರಿನ ಅಡ್ರೆಸ್ ಕೊಡಕ್ಕ ಆಗ್ನಿಲ್ವ?"

ಇಮೇಲೂ ಕಳಿಸುತ್ತಾರೆ ಎಂದೆ. ನಂಬಿದಂತೆ ಕಾಣಲಿಲ್ಲ. ಎದ್ದು ಹೋಗಿ ರಸೀದಿಯನ್ನು ತಾತನ ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಜೊತೆ ಇಟ್ಟಳು.